ಸೈಕಲ್ ಸರಣಿ, ಭಾಗ 6: ಮತ್ತೆ ಮತ್ತೆ ಮುರಿಯೋ ಆಕ್ಸಲ್

ನಿಮ್ಮ ಸೈಕಲ್‌ನ ಹಿಂದಿನ ಆಕ್ಸಲ್ ಒಂದೇ ವರ್ಷದಲ್ಲಿ ಎರಡು ಸಲ ಮುರಿದಿದ್ರೆ ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ಮುರಿದಿಲ್ಲ ಅಂದ್ರೂ ಓದಿ, ನಡುವೆ ನನ್ನ ತಂಗಿ ಬರ್ತಾಳೆ. ಅವಳನ್ನ ಕೇಳಿಯೇ ಬರೀತಿದೀನಿ. ಹೆಸರು ಹಾಕ್ಬೇಡ ಅಂದಿದಾಳೆ, ಹಾಕಲ್ಲ.

ಸೈಕಲ್ಲು ಸೆಕೆಂಡ್ ಹ್ಯಾಂಡ್. ಸ್ಟೀಲ್ ಫ್ರೇಮು, ಹಿಂದೆ ಏಳು ಹಲ್ಲುಚಕ್ರದ ಫ್ರೀವೀಲು. ತಂಗಿ ಸೆಕೆಂಡ್ ಪಿಯುಸಿ ಸೈನ್ಸ್. ನಮ್ಮೂರಿಂದ ತಿಪಟೂರಿಗೆ ಎಂಟು ಕಿಲೋಮೀಟರ್. ಸ್ಪೆಷಲ್ ಕ್ಲಾಸ್ ಶುರುವಾಗೋದು ಬೆಳಗ್ಗೆ ಎಂಟಕ್ಕೆ, ಬಸ್ಸು ಬರೋದು ಒಂಬತ್ತು ಕಾಲಿಗೆ. ಅಂದ್ರೆ ಸೈಕಲ್ ಇದ್ರೆ ಕ್ಲಾಸು, ಇಲ್ಲಾಂದ್ರೆ ಇಲ್ಲ. ಜೂನ್‌ನಿಂದ ಅಕ್ಟೋಬರ್ ಒಳಗೆ ಮೂರು ಆಕ್ಸಲ್ ಹೋದವು. ಮೂರನೇದು ಕೆರೆ ಏರಿ ಮೇಲೆ ಹೋಯ್ತು. ಅಲ್ಲಿಂದ ಹಿಂದಿನ ಚಕ್ರ ಎತ್ತಿ ಹಿಡ್ಕೊಂಡು ಮೂರು ಕಿಲೋಮೀಟರ್ ನಡ್ಕೊಂಡು ಬಂದಿದಾಳೆ.

ಅಂಗಡಿಯವರು ಪ್ರತಿ ಸಲ ಹೊಸ ಆಕ್ಸಲ್ ಹಾಕಿ ಕಳ್ಸಿದ್ರು. ಮೂರನೇ ಸಲ, "ಮಾಲ್ ಚೆನ್ನಾಗಿದೆಯಪ್ಪ, ಹತ್ತೋರದ್ದೇ ಭಾರ ಜಾಸ್ತಿ" ಅಂತ ನಕ್ಕರಂತೆ. ಪಕ್ಕದಲ್ಲಿ ಟೀ ಕುಡೀತಿದ್ದವರೂ ನಕ್ಕರಂತೆ. ಅವತ್ತಿಂದ ಇವಳ ಟಿಫನ್ ಬಾಕ್ಸ್ ಅರ್ಧ ತುಂಬಿದ್ದೇ ವಾಪಸ್ ಬರೋಕೆ ಶುರುವಾಯ್ತು. ಅಮ್ಮ ಕೇಳಿದ್ರೆ ಹಸಿವಿಲ್ಲ ಅನ್ನೋಳು. ಅಪ್ಪ ಬೇರೆ, "ಮಾರಿಬಿಡೋಣ, ಸ್ಪೆಷಲ್ ಕ್ಲಾಸ್ ಇಲ್ದೆ ಯಾರೂ ಪಾಸಾಗೇ ಇಲ್ವಾ" ಅಂತ ಅಂದ್ರು. ನಾನು ತುಮಕೂರಿಂದ ಶನಿವಾರ ಮನೆಗೆ ಬಂದಾಗ ವಿಷಯ ಇಲ್ಲಿಗೆ ಬಂದಿತ್ತು.

ಈಗ ಒಂದನೇ ಫೋಟೋ ನೋಡಿ. ಮುರಿದ ಆಕ್ಸಲ್‌ನ ಮುಖ. ಒಂದು ಕಡೆ ಕಪ್ಪಗೆ, ತುಕ್ಕು ಹಿಡಿದ ಹಾಗೆ ಇದೆ. ಇನ್ನೊಂದು ಕಡೆ ಬೆಳ್ಳಗೆ, ಸಕ್ಕರೆ ಹರಳಿನ ತರ ಮಿಂಚ್ತಿದೆ. ಕಪ್ಪು ಭಾಗದಲ್ಲಿ ಸಣ್ಣ ಸಣ್ಣ ಬಾಗಿದ ಗೆರೆ ಕಾಣುತ್ತೆ, ಬೇಸಿಗೇಲಿ ಕೆರೆ ನೀರು ಇಳೀತಾ ಇಳೀತಾ ದಡದ ಮೇಲೆ ಬಿಟ್ಟು ಹೋಗೋ ಗೆರೆ ತರ. ಈ ಆಕ್ಸಲ್ ಒಂದೇ ಏಟಿಗೆ ಮುರಿದದ್ದಲ್ಲ ಅಂತ ಇದರಿಂದಲೇ ಗೊತ್ತಾಗುತ್ತೆ. ಬಿರುಕು ದಿನಾ ಚೂರುಚೂರೇ ಮುಂದೆ ಹೋಗಿದೆ, ಉಳಿದ ಬೆಳ್ಳನೆ ಭಾಗ ಕೊನೇ ದಿನ ಪಟ್ ಅಂದಿದೆ. ಹಂಪ್ ಮೇಲೆ ಹಾರಿಸಿ ಮುರಿದಿದ್ರೆ ಇಡೀ ಮುಖ ಹೊಸದಾಗಿ ಕಾಣ್ಬೇಕಿತ್ತು.

ನಮ್ಮ ಕ್ಲಾಸಿನವರಿಗೆ ಇದರ ಹೆಸರು ಗೊತ್ತು, ಫಟೀಗ್. ಉಳಿದವರಿಗೆ: 1842ರಲ್ಲಿ ಫ್ರಾನ್ಸ್‌ನ ವರ್ಸೈ ಹತ್ರ ಒಂದು ರೈಲು ಇಂಜಿನ್‌ನ ಆಕ್ಸಲ್ ಮುರಿದು, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಟ್ಟಿ ಕಬ್ಬಿಣ ದಿನನಿತ್ಯದ ಓಡಾಟದಲ್ಲೇ ಹೇಗೆ ಮುರಿಯುತ್ತೆ ಅನ್ನೋ ಪ್ರಶ್ನೆ ಆಗ ದೊಡ್ಡದಾಯ್ತು. ಆಮೇಲೆ ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನ ಬಗ್ಗಿಸಿ ಬಗ್ಗಿಸಿ ಪರೀಕ್ಷೆ ಮಾಡಿದ. ಒಂದು ಸಲ ಹಾಕಿದ್ರೆ ಏನೂ ಆಗದ ಭಾರ, ಲಕ್ಷಾಂತರ ಸಲ ಹಾಕಿದ್ರೆ ಮುರಿಯುತ್ತೆ ಅಂತ ತೋರಿಸ್ದ. ನಾವು ಪರೀಕ್ಷೆಗೆ ಬಿಡಿಸೋ ಎಸ್-ಎನ್ ಕರ್ವ್ ಹುಟ್ಟಿದ್ದು ಅವನ ಕೆಲಸದಿಂದ. (ಹೌದು, ಆ ಐದು ಮಾರ್ಕಿನ ಪ್ರಶ್ನೆ.)

ಎರಡನೇ ಫೋಟೋ. ಮೂರೂ ಆಕ್ಸಲ್ ಮುರಿದಿರೋದು ಒಂದೇ ಜಾಗದಲ್ಲಿ, ಬಲಗಡೆ ಕೋನ್ ಪಕ್ಕದ ಮರೆಯಲ್ಲಿ. ಅಲ್ಲೇ ಯಾಕೆ? ಸೈಕಲ್ ಆಕ್ಸಲ್ ತಿರುಗಲ್ಲ, ಗಟ್ಟಿಯಾಗಿ ಕೂತಿರುತ್ತೆ. ಅದರ ಸುತ್ತ ಹಬ್ಬು ಗುಂಡುಗಳ ಮೇಲೆ ತಿರುಗುತ್ತೆ. ಎಡಗಡೆ ಗುಂಡುಗಳು ಫ್ರೇಮಿಗೆ ಹತ್ತಿರ. ಬಲಗಡೆ ಹಾಗಲ್ಲ, ಏಳು ಹಲ್ಲುಚಕ್ರದ ಫ್ರೀವೀಲ್ ಹೊರಗಡೆ ತಿರುಚಿ ಕೂರುತ್ತೆ, ಗುಂಡು ಅದರ ಒಳಗಡೆ ಉಳಿಯುತ್ತೆ. ಹಾಗಾಗಿ ಬಲಗಡೆ ಮೂರರಿಂದ ನಾಲ್ಕು ಸೆಂಟಿಮೀಟರ್ ಆಕ್ಸಲ್‌ಗೆ ಆಸರೆಯೇ ಇಲ್ಲ. ಚಕ್ರ ಮಧ್ಯದಲ್ಲಿ ಮೇಲಕ್ಕೆ ತಳ್ಳುತ್ತೆ, ಫ್ರೇಮು ತುದೀಲಿ ಕೆಳಕ್ಕೆ ಒತ್ತುತ್ತೆ. ಮರೆಯ ತಗ್ಗಲ್ಲಿ ಬಿರುಕು ಹುಟ್ಟೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಶಿಮಾನೋ 1978ರಲ್ಲಿ ಫ್ರೀಹಬ್ ಅಂತ ತಂದದ್ದು ಈ ತೊಂದರೆಗೂ ಔಷಧಿ ಆಯ್ತು, ಅದರಲ್ಲಿ ಬಲಗಡೆ ಗುಂಡುಗಳು ಹೊರಗೆ, ಫ್ರೇಮ್ ಹತ್ತಿರಕ್ಕೆ ಬಂದವು. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಇವತ್ತಿಗೂ ಹಳೇ ಫ್ರೀವೀಲೇ.

ಆದ್ರೆ ಇಂಥ ಸೈಕಲ್ ಊರಲ್ಲಿ ಇನ್ನೂ ಎಷ್ಟೋ ಇವೆ. ಹಾಲಿನ ಕ್ಯಾನ್ ಕಟ್ಕೊಂಡು ಓಡಾಡ್ತಾರೆ, ಅವು ಮುರಿದಿಲ್ಲ. ನಮ್ಮದು ಮಾತ್ರ ಒಂದೂವರೆ ತಿಂಗಳಿಗೊಂದು ಯಾಕೆ? ಇದನ್ನ ತಂಗಿ ಮುಂದೆ ಹೇಳಿದಾಗ ಅವಳು ತಲೆ ಎತ್ತಿ ನೋಡಿದ್ಲು. "ಹಾಲಿನ ಕ್ಯಾನ್ ನನಗಿಂತ ಭಾರ ಇರುತ್ತಾ?" ಅಂದ್ಲು. ಎರಡು ದೊಡ್ಡ ಕ್ಯಾನ್ ತುಂಬಿ, ಮೇಲೆ ಓಡಿಸೋ ಮಾವನೂ ಕೂತ್ರೆ? ಲೆಕ್ಕ ನೀನೇ ಹಾಕು ಅಂದೆ.

ಭಾನುವಾರ ಬೆಳಗ್ಗೆ ಸೈಕಲ್ ತಲೆಕೆಳಗು ಮಾಡಿದ್ವಿ. ಹೊಸ ಆಕ್ಸಲ್ ಕನ್ನಡಿ ಮೇಲೆ ಉರುಳಿಸಿ ನೋಡಿದ್ವಿ, ಒಲೆದಾಡಲಿಲ್ಲ, ನೇರ ಇತ್ತು. ಕೋನ್‌ನಲ್ಲಿ ಗುಳಿ ಬಿದ್ದಿತ್ತು, ಬದಲಾಯಿಸಿದ್ವಿ. ಗುಂಡು ಕಾಲಿಂಚಿನವು, ಒಂದೊಂದು ಕಡೆ ಒಂಬತ್ತು, ಎಲ್ಲಾ ಹೊಸವು. ಹಳೇದು ಹೊಸದು ಬೆರೆಸಬೇಡಿ. ಗ್ರೀಸ್ ಹಾಕಿ, ಚಕ್ರ ಕೈಯಲ್ಲೇ ಹಿಡಿದು ಕೋನ್ ಸೆಟ್ ಮಾಡಿದೆ. ಬೆಣ್ಣೆ ತರ ತಿರುಗ್ತು, ಅಲುಗಾಟವೂ ಇಲ್ಲ. ಫ್ರೇಮಿಗೆ ಹಾಕಿ, ತಂಗಿ ಕೈಗೆ 15ರ ಸ್ಪ್ಯಾನರ್ ಕೊಟ್ಟು ಬಲಗಡೆ ನಟ್ಟು ಬಿಗಿ ಮಾಡು ಅಂದೆ. ಬಿಗಿ ಮಾಡಿದ್ಲು. ಚಕ್ರ ತಿರುಗಿಸಿದ್ರೆ ಗರಗರ. ಸಡಿಲ ಮಾಡಿದ್ರೆ ಬೆಣ್ಣೆ. ಮತ್ತೆ ಬಿಗಿ, ಮತ್ತೆ ಗರಗರ.

ಅರ್ಥ ಆಯ್ತಾ? ಸೀಟ್ ಮೇಲೆ ಯಾರೂ ಕೂತಿಲ್ಲ. ಸೈಕಲ್ ತಲೆಕೆಳಗಿದೆ. ಬರೀ ನಟ್ಟು ತಿರುಗಿಸಿದ್ದಕ್ಕೇ ಆಕ್ಸಲ್ ಬಗ್ತಿದೆ! ತಂಗಿ ನಾಲ್ಕೈದು ಸಲ ಬಿಗಿ ಮಾಡಿ ಸಡಿಲ ಮಾಡಿ ನೋಡಿದ್ಲು. ಏನೂ ಮಾತಾಡ್ಲಿಲ್ಲ. ಒಳಗೆ ಹೋಗಿ ಎರಡು ತಟ್ಟೇಲಿ ಇಡ್ಲಿ ತಂದ್ಲು, ಒಂದು ಅವಳಿಗೆ.

ತಪ್ಪು ಎಲ್ಲಿತ್ತು ಅಂದ್ರೆ, ಆಕ್ಸಲ್ ಕೂರೋ ಸೀಳಿರೋ ದಪ್ಪ ತಗಡು ಇದೆಯಲ್ಲ, ಡ್ರಾಪ್‌ಔಟ್ ಅಂತಾರೆ, ನಾನು ಕಿವಿ ಅಂತೀನಿ. ಎಡಗಿವಿ ಬಲಗಿವಿ ಒಂದಕ್ಕೊಂದು ಸಮಾನಾಂತರ ಇರ್ಬೇಕು. ಬಲಗಿವಿಗೆ ಗೇರ್ ಬದಲಿಸೋ ಡಿರೇಲರ್ ಓಲೆ ತರ ನೇತಾಡ್ತಿರುತ್ತೆ. ಸೈಕಲ್ ಬಲಗಡೆಗೆ ಬಿದ್ರೆ ಏಟು ಬೀಳೋದು ಆ ಓಲೆಗೆ, ಸೊಟ್ಟಾಗೋದು ಕಿವಿ. ನಮ್ಮ ಡಿರೇಲರ್ ಮೇಲೆ ಹಳೇ ಗೀರು ಇದೆ (ಮೂರನೇ ಫೋಟೋ), ನಮ್ಮ ಮನೆಗೆ ಬರೋ ಮೊದಲೇ ಇತ್ತು. ಒಂದನೇ ಗೇರಲ್ಲಿ ಕಡ್ಡಿಗೆ ಏನೋ ತಾಗೋ ಟಿಕ್ ಟಿಕ್ ಶಬ್ದವೂ ಅದಕ್ಕೇ. ಕಿವಿಯ ಕೆಳಭಾಗ ಒಳಕ್ಕೆ ಹೋಗಿದ್ರಿಂದ ನಟ್ಟು ಬಿಗಿ ಮಾಡ್ದಾಗ ಆಕ್ಸಲ್ ತುದಿ ಕೆಳಕ್ಕೆ ಬಗ್ಗುತ್ತೆ. ಸವಾರರ ಭಾರವೂ ಅದನ್ನ ಬಗ್ಗಿಸೋದು ಅದೇ ದಿಕ್ಕಿಗೆ. ಯಾರೂ ಹತ್ತೋ ಮೊದಲೇ ಅರ್ಧ ಕೆಲಸ ಆಗಿರುತ್ತೆ.

ಅಳತೆ ಹೇಗೆ? ಇದಕ್ಕೆ ಟೂಲ್ ಇದೆ, ದುಬಾರಿ. ನಾವು ಮುರಿದ ಆಕ್ಸಲ್‌ಗಳನ್ನೇ ಬಳಸಿದ್ವಿ. ಎರಡರಿಂದ ಎರಡು ನೇರವಾದ ತುಂಡು ಕತ್ತರಿಸಿ, ಒಂದೊಂದನ್ನ ಒಂದೊಂದು ಕಿವಿಗೆ ಎರಡೂ ಕಡೆ ನಟ್ಟು ಹಾಕಿ ಬಿಗಿದ್ವಿ, ಮೊನೆಗಳು ನಡುವೆ ಎದುರುಬದುರು ಬರೋ ಹಾಗೆ. ಕಿವಿ ಸರಿ ಇದ್ರೆ ಮೊನೆ ಮೊನೆ ಮುಟ್ಟಬೇಕು. ನಮ್ಮದರಲ್ಲಿ ಬಲಗಡೆ ಮೊನೆ ಎಡಗಡೆದಕ್ಕಿಂತ ಐದು ಮಿಲಿಮೀಟರ್ ಮೇಲಿತ್ತು (ಈ ಫೋಟೋ ತೆಗೆಯೋಕೆ ಸೈಕಲ್ ನೆಟ್ಟಗೆ ನಿಲ್ಲಿಸಿದೀವಿ). ಹಾಗೇ ಒಂದು ದಾರ ಎಡಗಿವಿಯಿಂದ ಹ್ಯಾಂಡಲ್ ಕೆಳಗಿನ ಪೈಪ್ ಸುತ್ತಿ ಬಲಗಿವಿಗೆ ಎಳೆದು ಕಟ್ಟಿ, ಸೀಟ್ ಕೆಳಗಿನ ಪೈಪಿಗೆ ಎರಡೂ ಕಡೆಯಿಂದ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ನೋಡಿದ್ವಿ. ಅದು ಸಮ ಇತ್ತು. ಅಂದ್ರೆ ಫ್ರೇಮ್ ನೆಟ್ಟಗಿದೆ, ಕಿವಿ ಮಾತ್ರ ಸೊಟ್ಟ.

ಪಂಪ್‌ಸೆಟ್ ರಿಪೇರಿ ಮಾಡೋ ಮಾಮನ ಹತ್ರ ದೊಡ್ಡ ಸ್ಕ್ರೂ ಸ್ಪ್ಯಾನರ್ ತಂದು, ಕಿವಿ ಕಚ್ಚಿಸಿ ಸ್ವಲ್ಪ ಸ್ವಲ್ಪವೇ ಎಳೆದ್ವಿ. ಸ್ಟೀಲ್ ವಾಪಸ್ ಚಿಮ್ಮುತ್ತೆ, ಹಾಗಾಗಿ ಎಳಿ, ಬಿಡು, ಮೊನೆ ನೋಡು, ಮತ್ತೆ ಎಳಿ. ಒಂದು ಗಂಟೆ ಹಿಡೀತು. ಅಲ್ಯೂಮಿನಿಯಂ ಫ್ರೇಮ್ ಇರೋರು ದಯವಿಟ್ಟು ಇದನ್ನ ಮನೇಲಿ ಮಾಡ್ಬೇಡಿ, ಬಿರುಕು ಬಿಡುತ್ತೆ. ನಿಮ್ಮದು ಯಾವುದು ಅಂತ ಗೊತ್ತಿಲ್ವಾ? ಮ್ಯಾಗ್ನೆಟ್ ಹಚ್ಚಿ ನೋಡಿ, ಅಂಟಿದ್ರೆ ಸ್ಟೀಲ್.

ಚಕ್ರ ಹಾಕಿ ಬಿಗಿ ಮಾಡಿದ್ವಿ. ಬೆಣ್ಣೆ. ಟಿಕ್ ಟಿಕ್ ಕೂಡ ನಿಂತೋಯ್ತು. ಅಪ್ಪ ಬಂದು ಒಂದು ಸಲ ಚಕ್ರ ತಿರುಗಿಸಿ ನೋಡಿ, ಮಾರೋ ಮಾತು ಎತ್ತದೆ ತೋಟಕ್ಕೆ ಹೋದ್ರು.

ಇದಾಗಿ ನಾಲ್ಕು ತಿಂಗಳು. ಅದೇ ಆಕ್ಸಲ್, ಅದೇ ರೋಡು, ಅದೇ ಕೆರೆ ಏರಿ. ತಂಗಿ ತೂಕ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ, ಇದನ್ನ ಹಾಕ್ಲೇಬೇಕು ಅಂತ ಹೇಳಿದ್ದು ಅವಳೇ.

ನಿಮ್ಮ ಹತ್ರ ಮುರಿದ ಆಕ್ಸಲ್ ಇದ್ರೆ ಗುಜರಿಗೆ ಹಾಕ್ಬೇಡಿ. ಮುರಿದ ಮುಖ ಬಿಸಿಲಿಗೆ ಹಿಡಿದು ಫೋಟೋ ತೆಗೆದು ಕಳ್ಸಿ, ಯಾವ ಕಡೆ ಮುರಿದಿದೆ ಅಂತಾನೂ ಬರೀರಿ. ಮುಂದಿನ ಭಾಗ ಕಡ್ಡಿಗಳದ್ದು, ಅದನ್ನ ತಂಗಿ ಬರೀತಾಳಂತೆ, ಪರೀಕ್ಷೆ ಮುಗಿದ ಮೇಲೆ.