ಬಣ್ಣದ ಲೆಕ್ಕ

ಬಿ.ಎಸ್ಸಿ. ಪಾಸು ಮಾಡಿ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾದವನ ರಸಾಯನಶಾಸ್ತ್ರ ಯಾವ ಉಪಯೋಗಕ್ಕೆ ಬಂದೀತು? ಇಪ್ಪತ್ತು ವರ್ಷಗಳಲ್ಲಿ ನಾನು ಕಚೇರಿಯಲ್ಲಿ ಬೆರೆಸಿದ್ದೆಂದರೆ ಚಹಾಕ್ಕೆ ಸಕ್ಕರೆ ಮಾತ್ರ. ಹೀಗಿರುವಾಗ ಕಳೆದ ವರ್ಷ ನನ್ನ ಹೆಂಡತಿಯ ತಮ್ಮ ಮನೆಗೆ ಬಂದು, "ಭಾವ, ನೀವು ಕೆಮಿಸ್ಟ್ರಿ ಓದಿದವರು. ನಮ್ಮ ಗಾಲಾಕ್ಕೆ ಒಂದು ಇಂಕ್ ಮಿಕ್ಸಿಂಗ್ ಸಿಸ್ಟಮ್ ಆರಿಸಿಕೊಡಬೇಕು" ಎಂದಾಗ ಒಳಗೊಳಗೇ ಹಿಗ್ಗಿದೆ.

ಅವನದು ಸಾಕಿನಾಕಾದಲ್ಲಿ ಟೀ-ಶರ್ಟುಗಳ ಮೇಲೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ನಾಲ್ಕು ಜನ ಹುಡುಗರು, ಜೊತೆಗೆ ಬಣ್ಣ ಕಲಸುವ ಕಾಕಾ. ಕಾಕಾ ವಿಜಯಪುರದ ಕಡೆಯವರು. 1980ರಲ್ಲಿ ಹದಿನೇಳರ ಹುಡುಗನಾಗಿ ಮುಂಬಯಿಯ ಗಿರಣಿಯೊಂದರ ಬಣ್ಣದ ಖಾತೆಗೆ ಸೇರಿದವರು. 1982ರ ಮುಷ್ಕರದಲ್ಲಿ ಆ ಕೆಲಸ ಹೋಯಿತು, ಕೈಗೆ ಹತ್ತಿದ ವಿದ್ಯೆ ಉಳಿಯಿತು. ಅಳತೆಯಿಲ್ಲ, ತೂಕವಿಲ್ಲ. ಒಂದು ಚಮಚ ಇದರಿಂದ, ಚಿಟಿಕೆ ಅದರಿಂದ. ಕಲಸಿ ಬಟ್ಟೆಗೆ ಸವರಿದರೆ ಗಿರಾಕಿ ತಂದ ಬಣ್ಣವೇ!

ಆದರೆ ಒಂದು ಶಾಲೆಯ ಕ್ರೀಡಾದಿನಕ್ಕೆ 300 ಅಂಗಿ ಮಾಡಿಕೊಟ್ಟ ಮೇಲೆ ಮತ್ತೆ 60 ಬೇಕೆಂದು ಬಂತು. ಎರಡನೆಯ ಸಲದ ಆಕಾಶನೀಲಿ ಮೊದಲಿನದಕ್ಕಿಂತ ಗಾಢವಾಯಿತು. 60 ಅಂಗಿಗಳೂ ತಿರುಗಿ ಬಂದವು. ಇಂಕಿನ ಜೊತೆಗೆ ಬಟ್ಟೆಯ ಹಣವೂ ಹೋಯಿತು. ಭಾವಮೈದುನ ಸಾಲ ಮಾಡಿಯಾದರೂ "ಸಿಸ್ಟಮ್" ತರಲು ಹೊರಟದ್ದು ಆಗ.

ಕಚೇರಿಯ ಅಭ್ಯಾಸದಂತೆ ಮೂರು ಕೊಟೇಶನ್ ತರಿಸಿ ತುಲನಾ ಪಟ್ಟಿ ಮಾಡಿದೆ. ಅಮೆರಿಕದ ಪ್ಯಾಂಟೋನ್ ಕಂಪನಿ 1963ರಲ್ಲಿ ಬಣ್ಣಗಳಿಗೆ ಸಂಖ್ಯೆ ಕೊಟ್ಟು ಪುಸ್ತಕ ತಂದ ಮೇಲೆ ಗಿರಾಕಿ ಸಂಖ್ಯೆ ಹೇಳುವುದು, ಮುದ್ರಕ ಅದನ್ನು ತೂಗಿ ತಯಾರಿಸುವುದು ರೂಢಿಯಾಗಿದೆ. ತಯಾರಿಸುವ ದಾರಿಗಳು ಮೂರು. ಮೊದಲನೆಯದು, ಬಣ್ಣವಿಲ್ಲದ ಬೇಸ್‌ಗೆ ಗಾಢವಾದ ಪಿಗ್ಮೆಂಟ್ ಸೇರಿಸುವುದು. ಇದೇ ಅಗ್ಗ, ಹತ್ತು ಹನ್ನೆರಡು ಬಾಟಲಿಗಳಲ್ಲಿ ನೂರಾರು ಬಣ್ಣ. ಎರಡನೆಯದು, ಹಾಗೆಯೇ ಅಚ್ಚು ಹಾಕಬಹುದಾದ ಸಿದ್ಧ ಇಂಕುಗಳನ್ನೇ ಒಂದಕ್ಕೊಂದು ಬೆರೆಸುವುದು. ಡಬ್ಬಿಗಳು ಹೆಚ್ಚು, ಬಂಡವಾಳವೂ ಹೆಚ್ಚು. ಮೂರನೆಯದು, ಕಂಪ್ಯೂಟರ್ ಹೇಳಿದಷ್ಟು ಇಂಕನ್ನು ತಾನೇ ಸುರಿಯುವ ಯಂತ್ರ. ಅದರ ಬೆಲೆ ನೋಡಿ ಇಬ್ಬರೂ ಕಾಗದ ಮಡಚಿಟ್ಟೆವು.

ಸರಕಾರಿ ಪದ್ಧತಿಯಲ್ಲಿ ಮೊದಲನೆಯದಕ್ಕೇ ಸಹಿ ಬೀಳಬೇಕು. ಆದರೂ ಕೆಲಸ ಮಾಡುವ ಜಾಗವನ್ನು ಒಮ್ಮೆ ನೋಡೋಣವೆಂದು ಭಾನುವಾರ ಹೋದೆ. ಕಾಕಾ ನನ್ನೆದುರು ಒಂದು ಬಣ್ಣ ಕಲಸಿ ತೋರಿಸಿದರು. ಕಪ್ಪು ಬೇಕಾದಲ್ಲಿ ಕಡುನೀಲಿಯ ಡಬ್ಬಿಗೆ ಕೈ ಹಾಕಿದರು. ಹುಡುಗನೊಬ್ಬ ಮಾತಾಡದೆ ಸರಿಯಾದ ಡಬ್ಬಿಯನ್ನು ಮುಂದೆ ಸರಿಸಿದ. ಅದು ದಿನನಿತ್ಯದ ಸಂಗತಿಯೆಂದು ತಿಳಿಯಿತು. ನನ್ನ ತಾಯಿಗೆ ಕಣ್ಣಿನ ಪೊರೆ ಬಂದಾಗಲೂ ನೀಲಿ ಸೀರೆಯನ್ನು ಕರಿದೆನ್ನುತ್ತಿದ್ದರು. ಪೊರೆ ಬೆಳೆದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿಯ ಬೆಳಕು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ.

ಭಾವಮೈದುನನಿಗೆ ಹೇಳಿದರೆ ಕಾಕಾರ ಅನ್ನಕ್ಕೆ ಕಲ್ಲು ಬೀಳಬಹುದು. ಹೇಳದಿದ್ದರೆ ಇನ್ನೊಂದು ಲಾಟು ಹಾಳಾಗಬಹುದು. ಚಹಾದ ನೆಪದಲ್ಲಿ ಕಾಕಾರನ್ನೇ ಹೊರಗೆ ಕರೆದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಎರಡು ವರ್ಷದಿಂದ ಗೊತ್ತದರೀ ಸಾಹೇಬ್ರ. ಮೋತಿಬಿಂದು. ಹೇಳಿದ್ರ ಯಾರ ಇಟ್ಕೋತಾರ? ಈಗ ತಕ್ಕಡೀನೂ ಬರ್ತದ. ಅದು ಬಂದ ಮ್ಯಾಲ ನಂದೇನ ಕೆಲಸ ಇಲ್ಲಿ?" ಎಂದರು. ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ಆ ರಾತ್ರಿ ತುಲನಾ ಪಟ್ಟಿಯನ್ನು ಮತ್ತೆ ತೆಗೆದೆ. ಅದರಲ್ಲಿ ದರವಿತ್ತು, ಡಬ್ಬಿಗಳ ಸಂಖ್ಯೆಯಿತ್ತು. ಯಾರು ಕಲಸುತ್ತಾರೆಂಬ ಕಾಲಮ್ಮೇ ಇರಲಿಲ್ಲ. ಪಿಗ್ಮೆಂಟ್ ಪದ್ಧತಿಗೆ ಒಂದು ಮಿತಿಯುಂಟು. ತಯಾರಕರು ಹೇಳಿದ ಪ್ರಮಾಣ ಮೀರಿ ಪಿಗ್ಮೆಂಟ್ ಸುರಿದರೆ ಇಂಕು ಸರಿಯಾಗಿ ಬೇಯುವುದಿಲ್ಲ. ತಿಕ್ಕಿದರೆ, ಒಗೆದರೆ ಬಣ್ಣ ಬಿಡುತ್ತದೆ. "ಇನ್ನೊಂದು ಚಿಟಿಕೆ" ಎನ್ನುವ ಕೈಗೆ ಅದು ಅಪಾಯ. ಸಿದ್ಧ ಇಂಕುಗಳಲ್ಲಿ ಆ ಭಯವಿಲ್ಲ. ಗಾಲಾದಲ್ಲಿ ಬಳಸುವುದು ಪ್ಲಾಸ್ಟಿಸಾಲ್. ಯಾವ ಪ್ರಮಾಣದಲ್ಲಿ ಬೆರೆಸಿದರೂ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಗಟ್ಟಿಯಾಗುತ್ತದೆ. ಶಾಖ ತಾಗುವವರೆಗೆ ಒಣಗದಾದ್ದರಿಂದ ಉಳಿದದ್ದನ್ನು ಮುಚ್ಚಿಟ್ಟು ಮತ್ತೆ ಬಳಸಬಹುದು. ಸೂತ್ರದಂತೆ ತೂಗಿದ ಮೇಲೂ ಕಣ್ಣಿನಿಂದ ತಿದ್ದಲು ಅಲ್ಲಿ ಜಾಗವಿದೆ. ಜಾಲರಿಯ ಕಣ್ಣು, ಬಟ್ಟೆಯ ಬಣ್ಣ ಬದಲಾದರೆ ಸೂತ್ರದ ಬಣ್ಣವೂ ಬೇರೆಯಾಗಿ ಕಾಣುವುದರಿಂದ ಆ ತಿದ್ದುವಿಕೆ ಬೇಕೇ ಬೇಕು.

ಹೀಗೆ ದುಬಾರಿಯ ಎರಡನೆಯದನ್ನೇ ಶಿಫಾರಸು ಮಾಡಿದೆ. ನನ್ನ ಕಚೇರಿಯಾಗಿದ್ದರೆ ಆಡಿಟ್ ಆಕ್ಷೇಪಣೆ ಖಂಡಿತ! ಜೊತೆಗೆ 0.1 ಗ್ರಾಮು ತೋರಿಸುವ ತಕ್ಕಡಿಯನ್ನೂ ಬರೆದೆ. ಕಿಲೋಗೆ 5 ಗ್ರಾಮು ಕಪ್ಪು ಎಂದು ಸೂತ್ರವಿದ್ದರೆ 100 ಗ್ರಾಮಿಗೆ ಬೇಕಾದದ್ದು ಅರ್ಧ ಗ್ರಾಮು; ಅಡಿಗೆಮನೆಯ ತಕ್ಕಡಿಗೆ ಅದು ನಿಲುಕದು. ಕೊನೆಗೆ, ಕಾಕಾರ ಒಪ್ಪಿಗೆ ಪಡೆದು, ಭಾವಮೈದುನನಿಗೆ ಕಣ್ಣಿನ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿ, "ಬಣ್ಣ ಎಂದರೇನೆಂದು ನನಗೆ ಕಲಿಸಿದ್ದೇ ಅವರು ಭಾವ. ಮೊದಲು ಆಪರೇಶನ್ ಆಗಲಿ" ಎಂದ.

ಒಂದು ಕಣ್ಣಿನ ಆಪರೇಶನ್ ಆದ ಮೇಲೆ ನೋಡಲು ಹೋದೆ. ಕಾಕಾ ಒಂದೊಂದೇ ಕಣ್ಣು ಮುಚ್ಚಿ ಬಿಳಿ ಬನಿಯನ್ ನೋಡುತ್ತಿದ್ದರು. "ಈ ಕಣ್ಣಾಗ ಬೆಳ್ಳಗ ಅದ, ಆ ಕಣ್ಣಾಗ ಚಹಾ ಬಿದ್ದಂಗ ಅದರೀ. ಇಷ್ಟು ದಿನ ನಾ ಚಹಾದಾಗ ಬಣ್ಣ ಕಲಸೀನಿ ನೋಡ್ರಿ!" ಎಂದು ನಕ್ಕರು.

ಈಗ ಎರಡೂ ಕಣ್ಣು ಸರಿಯಾಗಿವೆ. ಹುಡುಗರು ತೂಗುತ್ತಾರೆ. ಕಾಕಾ ಬಟ್ಟೆಯ ತುಂಡಿಗೆ ಅಚ್ಚು ಹಾಕಿಸಿ, ಟ್ಯೂಬ್‌ಲೈಟನ್ನು ನಂಬದೆ ಬಾಗಿಲಿಗೆ ಒಯ್ದು ಬಿಸಿಲಿನಲ್ಲಿ ನೋಡುತ್ತಾರೆ. ಬೇಕಾದರೆ ಎರಡು ಗ್ರಾಮು ಹೆಚ್ಚಿಸುತ್ತಾರೆ. ಆಮೇಲೆ "ಈಗ ಬರಕೋರಿ" ಎನ್ನುತ್ತಾರೆ. ಹುಡುಗ ದಪ್ಪ ರಿಜಿಸ್ಟರಿನಲ್ಲಿ ತೂಕ ಬರೆದು, ಪಕ್ಕದಲ್ಲಿ ಆ ಬಟ್ಟೆಯ ತುಂಡನ್ನು ಅಂಟಿಸುತ್ತಾನೆ. ರಿಜಿಸ್ಟರ್ ಇಡುವ ಸಲಹೆ ಮಾತ್ರ ನನ್ನದು. ಗುಮಾಸ್ತನಲ್ಲವೇ!