ದಾಕ್ಷಿಣ್ಯವೇ ಬಲೆಯಾದಾಗ

'ಕ್ರೀಪ್' (2014) ನೋಡಿಲ್ಲವೆಂದರೆ ದಯವಿಟ್ಟು ನೋಡಿ. ತೆರೆಯ ಮೇಲೆ ಕಾಣುವುದು ಎರಡೇ ಪಾತ್ರ, ಕ್ಯಾಮೆರಾದ ಕಣ್ಣಲ್ಲೇ ಇಡೀ ಕತೆ. ಆ ಕ್ಯಾಮೆರಾ ಹಿಡಿದು ನಟಿಸಿದವರು ನಿರ್ದೇಶಕ ಪ್ಯಾಟ್ರಿಕ್ ಬ್ರೈಸ್. ಎದುರಿಗೆ ಮಾರ್ಕ್ ಡುಪ್ಲಾಸ್. ಮಾತುಗಳನ್ನು ಬಹುಪಾಲು ಸ್ಥಳದಲ್ಲೇ ಕಟ್ಟಿದವರೂ ಇವರಿಬ್ಬರೇ.

ಒಂದು ದಿನದ ಚಿತ್ರೀಕರಣಕ್ಕೆ ಸಾವಿರ ಡಾಲರ್ ಎಂಬ ಜಾಹೀರಾತು ನಂಬಿ ಆ್ಯರನ್ (ಬ್ರೈಸ್) ಬೆಟ್ಟದೂರಿನ ಮನೆಯೊಂದಕ್ಕೆ ಹೋಗುತ್ತಾನೆ. ತನಗೆ ಕ್ಯಾನ್ಸರ್, ಹುಟ್ಟಲಿರುವ ಮಗುವಿಗಾಗಿ ವಿಡಿಯೊ ಮಾಡಿಡಬೇಕು ಅನ್ನುತ್ತಾನೆ ಜಾಹೀರಾತು ಕೊಟ್ಟ ಜೋಸೆಫ್ (ಡುಪ್ಲಾಸ್). ಅಯ್ಯೋ ಪಾಪ ಅನ್ನಿಸುತ್ತದೆ. ಆಮೇಲೆ ಅವನ ತಮಾಷೆ ಮೆಲ್ಲಗೆ ಎಲ್ಲೆ ಮೀರುತ್ತದೆ, ಬೀರುವಿನಿಂದ ತೋಳದ ಮುಖವಾಡ ಹೊರಬರುತ್ತದೆ. ಎದ್ದು ಹೋಗಬೇಕು, ಆದರೆ ಸಾವಿನಂಚಿನಲ್ಲಿರುವವನ ಮನಸ್ಸು ನೋಯಿಸುವುದು ಹೇಗೆ?

ಚಿತ್ರದ ತಾಕತ್ತು ಇರುವುದು ಇಲ್ಲೇ. ಎದುರಿನವರು ಬೇಜಾರು ಮಾಡಿಕೊಂಡಾರು ಎಂದು ನಾವು 'ಬೇಡ' ಅನ್ನಲಾಗದೆ ಕೂತುಬಿಡುತ್ತೇವಲ್ಲ, ಆ ದಾಕ್ಷಿಣ್ಯವನ್ನೇ ಜೋಸೆಫ್ ಆಯುಧ ಮಾಡಿಕೊಳ್ಳುತ್ತಾನೆ. ಡುಪ್ಲಾಸ್ ನಗುನಗುತ್ತಲೇ ಬೆನ್ನಲ್ಲಿ ಚಳಿ ಹುಟ್ಟಿಸುತ್ತಾರೆ. ರಕ್ತದ ಕೋಡಿ ಹರಿಸದೆ, ಸೆಟ್ಟು ಹಾಕದೆ ಇಷ್ಟು ಹೆದರಿಸುವ ಸೈಕೋ ಥ್ರಿಲ್ಲರ್‌ಗೆ ಸಿಗಬೇಕಾದಷ್ಟು ಪ್ರೇಕ್ಷಕರು ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ. 2017ರಲ್ಲಿ ಎರಡನೇ ಭಾಗವೂ ಬಂದಿದೆ. ಆದರೆ ಮೊದಲು ಇದನ್ನೇ ನೋಡಿ, ಕತೆಯ ಬಗ್ಗೆ ಇನ್ನೇನೂ ಓದಿಕೊಳ್ಳದೆ.