ಆಹಾರದಾನದಲ್ಲಿ ಒಂದು ವಿವೇಚನೆ
ಶಕ್ತಿನಗರದ ಸುತ್ತಲಿನ ರಾಯಚೂರು ಸೀಮೆಯಲ್ಲಿ ಜೋಳದ ರೊಟ್ಟಿಯೇ ನಿತ್ಯದ ಊಟ. ಗೋಧಿಯ ಹೋಳಿಗೆ ಹಬ್ಬದ ಪಂಕ್ತಿಗೆ. ಒಲ್ಲೆನೆಂದವರಿಗೂ ‘ಒಂದು ತುಣುಕಿನಿಂದ ಏನಾದೀತು?’ ಎಂದು ಒತ್ತಾಯಿಸಿ ಬಡಿಸುವುದು ವಾಡಿಕೆ.

ಸೀಲಿಯಾಕ್ ವ್ಯಾಧಿಯುಳ್ಳವರಿಗೆ ಆ ತುಣುಕೂ ಅಪಾಯಕರ. ಗೋಧಿಯ ಅಂಟಿನ ಸಸಾರಜನಕವಾದ ಗ್ಲುಟೆನ್, ಅವರ ದೇಹದ ರಕ್ಷಣಾವ್ಯವಸ್ಥೆಯನ್ನು ಅವರ ಕರುಳಿನ ಮೇಲೆಯೇ ತಿರುಗಿಸುತ್ತದೆ. ಕೆಲವರಲ್ಲಿ, ಹೊಟ್ಟೆಯ ಬಾಧೆ ಇಲ್ಲದೆಯೂ, ಕಿರುಮೆದುಳು ಕ್ಷಯಿಸಿ ನಡಿಗೆ ತತ್ತರಿಸುವುದನ್ನು ಶೆಫೀಲ್ಡಿನ ನರವೈದ್ಯ ಮಾರಿಯೋಸ್ ಹಾಜಿವಾಸಿಲಿಯೂ ಅವರು 1990ರ ದಶಕದಲ್ಲಿ ನಿರೂಪಿಸಿದರು. ಅಳಿದ ನರಕೋಶಗಳು ಮರಳಿ ಬಾರವು. ಶಂಕೆಯುಳ್ಳವರು ಗೋಧಿಯನ್ನು ಬಿಡುವ ಮುನ್ನವೇ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಬಳಿಕ ರೋಗ ತೋರದೆ ಹೋಗಬಹುದು. ಉಳಿದವರಿಗೆ ಗೋಧಿ ವರ್ಜ್ಯವಲ್ಲ.

ಆಹಾರ, ಔಷಧ, ಅಭಯ ಎಂಬ ದಾನಗಳು ಇಂಥವರ ಎಲೆಯ ಮೇಲೆ ಒಂದೇ ಆಗುತ್ತವೆ. ಬೆಳ್ಳುಳ್ಳಿಯ ಬದಲು ಬಳಸುವ ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ಬಸದಿಯ ಅಡುಗೆಯವರು ಅದನ್ನೂ ಕೇಳಿಯೇ ಕೊಳ್ಳಬೇಕು.